ಹತ್ತೊಂಬತ್ತು ಕಲ್ಲು

ಮೇ 9

ಅವಸರಮ್ಮನಿಗೆ,

ಮೊನ್ನೆ ಫೋನಿನಲ್ಲಿ ಬಿಸಿಲಿನ ಮಾತು ಮುಗಿಯಿತು, ನಿನ್ನ ಅತ್ತಿಗೆಯ ಮಂಡಿನೋವಿನ ಮಾತೂ ಮುಗಿಯಿತು. ಆಮೇಲೆ ಫೋನಿಟ್ಟುಬಿಟ್ಟೆವು. ಫೋನಿನಲ್ಲಿ ನಮಗಿಬ್ಬರಿಗೂ ಬೇರೆ ಮಾತೇ ಬರುವುದಿಲ್ಲ ನೋಡು. ಅದಕ್ಕೇ ಕಾಗದ ತೆಗೆದುಕೊಂಡು ಕೂತಿದ್ದೇನೆ.

ರಜೆ ಶುರುವಾಗಿ ಜನ ಬರುತ್ತಿದ್ದಾರೆ. ವ್ಯಾನಿನವನು ಮೊದಲಿನ ಹಾಗೆಯೇ ಸುತ್ತಿಸುತ್ತಾನೆ. ಬೆಳಿಗ್ಗೆ ಕಮಾನು ಸೇತುವೆ, ಆಮೇಲೆ ಅಜ್ಜಿಬಂಡೆ, ಊಟ ಆದ ಮೇಲೆ ನನ್ನ ಕಾವಲು ಗೋಪುರ. ಅಷ್ಟು ಹೊತ್ತಿಗೆ ಎಲ್ಲರಿಗೂ ನಿದ್ದೆ. ತೊಂಬತ್ತೆರಡು ಮೆಟ್ಟಿಲು ಎಂದರೆ ಅರ್ಧ ಜನ ಕೆಳಗೇ ಕೂತುಬಿಡುತ್ತಾರೆ. ನಿನ್ನೆ ಒಬ್ಬ ಯಜಮಾನರು, "ಆ ಅಜ್ಜಿಬಂಡೆ ಅಷ್ಟು ವಾಲಿಕೊಂಡಿದೆಯಲ್ಲಾ, ಯಾವಾಗ ಬೀಳುತ್ತೆ?" ಎಂದು ಗಂಭೀರವಾಗಿ ಕೇಳಿದರು. "ನೀವು ಟಿಕೆಟ್ ತಗೊಂಡ ದಿನ ಬೀಳಲ್ಲ, ಧೈರ್ಯವಾಗಿರಿ" ಎಂದೆ. ಅವರ ಹೆಂಡತಿ ನಕ್ಕರು, ಅವರು ನಗಲಿಲ್ಲ.

ಗೋಪುರದ ಕೆಲಸ ನನಗೆ ಹಿತ. ಒಂದೇ ಮೆಟ್ಟಿಲ ಸಾಲು. ಹತ್ತಿದವರು ಅಲ್ಲೇ ಇಳಿಯಬೇಕು, ನನ್ನ ಕಣ್ಣೆದುರೇ. ಎಣಿಸುವ ತಾಪತ್ರಯವಿಲ್ಲ.

ವಿಷಯ ಏನೆಂದರೆ, ಗವಿ ತೆರೆಯುತ್ತಾರಂತೆ. ಹೌದು, ನಮ್ಮ ಗವಿಯೇ. ಡ್ರಾಯಿಂಗ್ ಮೇಡಂ ಒಳಗೇ ಉಳಿದುಹೋದಾಗ ಹಾಕಿದ ಬೀಗ, ಇಪ್ಪತ್ತೆರಡು ವರ್ಷದ ಮೇಲೆ ತೆಗೆಯುತ್ತಾರಂತೆ. ಇಲಾಖೆಯಿಂದ ಹೊಸ ಅಧಿಕಾರಿ ಬಂದಿದ್ದರು. ಒಳಗೆ ದೀಪ, ಹಿಡಿಕಂಬಿ, ನೀರು ಏರಿದರೆ ಕೂಗುವ ಗಂಟೆ, ಎಲ್ಲ ಹಾಕಿಸಿ ಮಳೆಗಾಲ ಕಳೆದ ಮೇಲೆ ಶುರು ಮಾಡುತ್ತಾರೆ. "ಒಳಗಿನ ದಾರಿ ಬಲ್ಲವರು ನೀವೊಬ್ಬರೇ ಉಳಿದಿರೋದು. ಗೈಡ್ ಬಿಲ್ಲೆ ವಾಪಸ್ ಕೊಡ್ತೀವಿ, ಬನ್ನಿ" ಎಂದರು. "ನನ್ನ ಕೈಲಿ ಆಗಲ್ಲ ಸ್ವಾಮಿ, ಬೇರೆ ಯಾರನ್ನಾದ್ರೂ ನೋಡಿ" ಎಂದು ಕೈ ಮುಗಿದೆ. ಆಗಸ್ಟ್ ಕೊನೆಯೊಳಗೆ ಬರೆದು ಕೊಡಿ ಎಂದು ಹೇಳಿ ಹೋಗಿದ್ದಾರೆ.

ಇಲ್ಲವೆಂದೇ ಬರೆದು ಕೊಡುತ್ತೇನೆ. ಯಾರಿಗಾದರೂ ಹೇಳಬೇಕೆನಿಸಿತು, ನಿನಗೆ ಹೇಳಿದೆ.

ಇತಿ ನಿನ್ನ ಅಣ್ಣ

* * *

ಮೇ 28

ಅಣ್ಣನಿಗೆ,

ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಬಟ್ಟೆ ಮಡಿಸುವುದೋ ಪಾತ್ರೆ ತೊಳೆಯುವುದೋ ನೆನಪಾಗಿ ಎದ್ದೆ.

ಮೊದಲು ಒಂದು ಮಾತು. ದಯವಿಟ್ಟು ನನ್ನನ್ನು ಆ ಹೆಸರಿನಿಂದ ಕರೆಯಬೇಡ. ಚಿಕ್ಕವಳಿದ್ದಾಗ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡುತ್ತಿದ್ದೆ, ನೀನು ಹಾಗೆ ಕರೆದೆ, ಸರಿ. ಈಗ ನನಗೆ ಮೂವತ್ತೊಂಬತ್ತು. ನನಗೆ ಆ ಹೆಸರು ಕೇಳಲು ಆಗುವುದಿಲ್ಲ.

ಇಲ್ಲಿ ಆಪರೇಷನ್ ಥಿಯೇಟರಿನಲ್ಲಿ ನನಗೆ ಬಡ್ತಿ ಕೊಟ್ಟಿದ್ದಾರೆ. ಕೆಲಸ ಅದೇ. ಹೊಟ್ಟೆ ತೆರೆಯುವ ಮುಂಚೆ ಹತ್ತಿಬಟ್ಟೆಯ ತುಂಡು, ಕತ್ತರಿ, ಚಿಮುಟ, ಸೂಜಿ, ಎಲ್ಲವನ್ನೂ ಎಣಿಸಿ ಗೋಡೆಯ ಬೋರ್ಡಿನ ಮೇಲೆ ಬರೆಯುತ್ತೇವೆ. ಹೊಲಿಗೆ ಹಾಕುವ ಮುಂಚೆ ಮತ್ತೆ ಎಣಿಸಬೇಕು. ತಾಳೆಯಾಗದಿದ್ದರೆ ಎಂಥ ದೊಡ್ಡ ಡಾಕ್ಟರಾದರೂ ಸೂಜಿ ಕೆಳಗಿಡಬೇಕು. ಹೋದ ವಾರ ಒಬ್ಬರು, "ಸಿಸ್ಟರ್, ಎಷ್ಟು ಸಲ ಎಣಿಸ್ತೀರಿ, ನಿಮ್ಮ ಕಾಟ ಸಾಕಪ್ಪಾ" ಎಂದರು. "ಮೂರನೇ ಸಲ ಸರ್, ಇನ್ನೊಂದಿದೆ" ಎಂದೆ. ನನ್ನ ಬೆನ್ನ ಹಿಂದೆ ನನ್ನನ್ನು ಎಣಿಕೆ ಸಿಸ್ಟರ್ ಎನ್ನುತ್ತಾರೆ. ಎನ್ನಲಿ.

ಗವಿಯ ಕೆಲಸ ಒಪ್ಪಿಕೋ ಅಣ್ಣ. ನಿನ್ನಷ್ಟು ಜಾಗ್ರತೆಯ ಮನುಷ್ಯನನ್ನು ನಾನು ಎಲ್ಲಿಯೂ ಕಂಡಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುತ್ತಿಲ್ಲ.

ಅತ್ತಿಗೆಯ ಮಂಡಿಗೆ ಮುಲಾಮು ಕಳಿಸಿದ್ದೇನೆ. ಉಜ್ಜಬಾರದು, ಸುಮ್ಮನೆ ಸವರಬೇಕು.

ನಿನ್ನ ತಂಗಿ

* * *

ಜೂನ್ 20

ತಂಗಿಗೆ,

ಸರಿಯಮ್ಮಾ, ಆ ಹೆಸರು ಕರೆಯುವುದಿಲ್ಲ. ಬಡ್ತಿ ಬಂದವರು, ನಮ್ಮಂಥವರ ಬಾಯಿಗೆ ಸಿಗುತ್ತೀರಾ! ತಮಾಷೆಗೆ ಹೇಳಿದೆ, ಮುಖ ಊದಿಸಿಕೊಳ್ಳಬೇಡ.

ಒಪ್ಪಿಕೋ ಎಂದು ಒಂದೇ ಮಾತಿನಲ್ಲಿ ಬರೆದುಬಿಟ್ಟೆಯಲ್ಲ, ಅದು ಹೇಗೆ ಬರೆದೆ? ನೀನು ಆವತ್ತು ಸಂಜೆ ಊರಲ್ಲಿರಲಿಲ್ಲ. ನರ್ಸಿಂಗ್ ಸೀಟಿನ ಪಟ್ಟಿ ನೋಡಲು ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಹೋಗಿದ್ದೆ. ನಾನಿದ್ದೆ. ಬರೆದುಬಿಡುತ್ತೇನೆ, ಒಂದು ಸಲ.

ಅಪ್ಪ ಕಲಿಸಿದ ಪದ್ಧತಿ ನಿನಗೂ ಗೊತ್ತು. ಒಳಗೆ ಹೋಗುವ ಪ್ರತಿಯೊಬ್ಬರ ಕೈಗೂ ತಗಡಿನ ಡಬ್ಬಿಯಿಂದ ಒಂದು ಬಿಳಿ ಕಲ್ಲು. ಹೊರಗೆ ಬಂದವರು ಅದನ್ನು ಗವಿಯ ಬಾಗಿಲ ಪಕ್ಕದ ಕಟ್ಟೆಯ ಮೇಲಿಡಬೇಕು. ತಲೆ ಎಣಿಸಿದರೆ ತಪ್ಪುತ್ತದೆ, ಜನ ಅತ್ತಿತ್ತ ಓಡಾಡುತ್ತಾರೆ, ಕಲ್ಲು ಓಡಾಡುವುದಿಲ್ಲ ಎನ್ನುತ್ತಿದ್ದರು ಅಪ್ಪ. ಆವತ್ತು ಹತ್ತೊಂಬತ್ತು ಕಲ್ಲು ಕೊಟ್ಟೆ. ಸಂಜೆ ಕಟ್ಟೆಯ ಮೇಲಿನದನ್ನು ಎಣಿಸಿ ಡಬ್ಬಿಗೆ ಹಾಕಿದೆ. ಹತ್ತೊಂಬತ್ತು ಎಂದು ಎಣಿಸಿದೆ. ಗೇಟಿಗೆ ಬೀಗ ಹಾಕಿ ಮನೆಗೆ ಬಂದು ಊಟ ಮಾಡಿದೆ. ಬೆಟ್ಟದ ಮೇಲೆ ಮಳೆ ಹೊಯ್ದು ಒಳಗೆ ನೀರು ಏರಿತು. ಮೇಡಂ ವ್ಯಾನಿನವನಿಗೆ, ತಾನು ಸಂಜೆ ಬೇರೆ ಬಸ್ಸಿಗೆ ಬರುತ್ತೇನೆ ಎಂದು ಹೇಳಿದ್ದರಂತೆ, ಹಾಗಾಗಿ ಅವನೂ ಹುಡುಕಲಿಲ್ಲ. ಮಾರನೇ ದಿನ ಅವರ ಯಜಮಾನರು ಹುಡುಕಿಕೊಂಡು ಬಂದಾಗಲೇ ನಮಗೆ ಗೊತ್ತಾಗಿದ್ದು. ನೀರಿಳಿದು ನಾವು ಒಳಗೆ ಹೋಗುವಷ್ಟರಲ್ಲಿ ಮೂರನೇ ದಿನ.

ಶಾಲೆಯ ಹಾಲಿನಲ್ಲಿ ವಿಚಾರಣೆ ನಡೆದಾಗ ನೀನು ಹಿಂದೆ ಬಾಗಿಲ ಹತ್ತಿರ ನಿಂತಿದ್ದೆ, ನೆನಪಿದೆಯಾ? "ಯಾರಾದರೂ ಎರಡು ಕಲ್ಲು ಇಟ್ಟಿರಬಹುದಾ?" ಎಂದು ಕೇಳಿದರು. ತಪ್ಪಿಸಿಕೊಳ್ಳಲು ಅವರೇ ದಾರಿ ತೋರಿಸಿದ್ದರು. ನಾನು ಇಲ್ಲ ಎಂದೆ. ಬೇರೆಯವರ ಕಲ್ಲು ತರಬಾರದು ಎಂದು ಎಲ್ಲರಿಗೂ ಹೇಳಿಯೇ ಒಳಗೆ ಬಿಡುತ್ತಿದ್ದೆ. ಹದಿನೆಂಟನ್ನು ಹತ್ತೊಂಬತ್ತು ಎಂದು ಎಣಿಸಿದ್ದೇನೆ, ಅಷ್ಟೇ. ಈ ಕೈ ಎಣಿಸಿದ್ದು.

ಈ ಸಲವೂ ಮೇಡಂ ಯಜಮಾನರು ಬಂದಿದ್ದರು. ಅದೇ ಗಡಿಯಾರ ರಿಪೇರಿಯವರು. ವರ್ಷಕ್ಕೊಮ್ಮೆ ಅದೇ ತಾರೀಖಿಗೆ ಬರುತ್ತಾರೆ, ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ, ಬೀಗ ಹಾಕಿದ ಗೇಟಿನ ಮುಂದೆ ಕಟ್ಟೆಯ ಮೇಲೆ ಇಬ್ಬರೂ ಕೂತು ಕುಡಿಯುತ್ತೇವೆ. ಮಾತಿಲ್ಲ. ಈ ವರ್ಷ ಮಾತಾಡಿದರು. ಗವಿ ತೆರೆಯಿರಿ ಎಂದು ಇಲಾಖೆಗೆ ಬರೆಯುತ್ತಾ ಬಂದದ್ದು ಅವರೇ ಅಂತೆ. "ಅವಳು ಕೂತಿದ್ದ ಜಾಗ ಒಂದ್ಸಲ ನೋಡ್ಬೇಕು. ನೀವೇ ಕರ್ಕೊಂಡ್ ಹೋಗ್ಬೇಕು. ಬೇರೆಯವರ ಜೊತೆ ನಾನು ಹೋಗಲ್ಲ" ಎಂದರು. "ನಾನೇ ಯಾಕೆ ಸರ್?" ಎಂದೆ. "ಒಂದ್ಸಲ ಎಣಿಕೆ ತಪ್ಪಿದವರು ಇನ್ನೊಂದ್ಸಲ ತಪ್ಪಲ್ಲ" ಎಂದರು. ಅವರಿಗೆ ಎಪ್ಪತ್ತಾಯಿತು. ಕೈ ನಡುಗುತ್ತದೆ, ಈಗ ಸಣ್ಣ ಗಡಿಯಾರ ಬಿಚ್ಚುವುದಿಲ್ಲವಂತೆ.

ಅವರಿಗೆ ಆಗುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಹೇಳು, ಹತ್ತೊಂಬತ್ತು ಕಲ್ಲು ಎಣಿಸಲು ಬಾರದವನು ಜನರನ್ನು ಹೇಗೆ ಒಳಗೆ ಕರೆದುಕೊಂಡು ಹೋಗಲಿ?

ಇತಿ ನಿನ್ನ ಅಣ್ಣ

* * *

ಜುಲೈ 6

ಅಣ್ಣಾ,

ನಿನಗೆ ಎಣಿಸಲು ಬರುತ್ತದೆ. ಕಟ್ಟೆಯ ಮೇಲೆ ಹತ್ತೊಂಬತ್ತೇ ಕಲ್ಲಿದ್ದವು. ಅದರಲ್ಲಿ ಎರಡು ನಾನು ಇಟ್ಟದ್ದು.

ಬರೆದಿದ್ದೇನೆ, ಇನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಹೇಳುತ್ತೇನೆ.

ಆ ಬೆಳಿಗ್ಗೆ ನಾನೂ ಒಂದು ಕಲ್ಲು ಹಿಡಿದು ಗುಂಪಿನ ಹಿಂದೆ ಒಳಗೆ ಬಂದಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮನೆಯಲ್ಲಿ ಕೂತರೆ ಸೀಟು ಸಿಗುತ್ತದೋ ಇಲ್ಲವೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ನೀನು ಮುಂದೆ ಟಾರ್ಚು ಹಿಡಿದು ಹೋಗುತ್ತಿದ್ದೆ. ತಿರುಗಿ ಬರುವಾಗ ನಾನು ಕೊನೆಯಲ್ಲಿದ್ದೆ. ಆ ಜೋಡಿ ಸುಣ್ಣಕಲ್ಲಿನ ಕಂಬಗಳ ಹತ್ತಿರ ಮೇಡಂ ಇನ್ನೂ ಕೂತು ಚಿತ್ರ ಬರೆಯುತ್ತಿದ್ದರು. ಪಕ್ಕದಲ್ಲಿ ಅವರದೇ ಸಣ್ಣ ಟಾರ್ಚು. ಮೂಗಿನ ತುದಿಗೆ ಪೆನ್ಸಿಲ್ ಮಸಿ ಹತ್ತಿತ್ತು. "ಮೇಡಂ, ಎಲ್ಲರೂ ಹೋದರು" ಎಂದೆ. ಅವರು ನಕ್ಕರು. "ನೀನು ಗೈಡ್ ತಂಗಿ ಅಲ್ವಾ? ನನ್ನ ಕಲ್ಲೂ ತಗೊಂಡ್ ಹೋಗಮ್ಮ. ಐದೇ ನಿಮಿಷ ಅಂತ ಅಣ್ಣಂಗೆ ಹೇಳು. ಇಷ್ಟು ಚೆಂದ ಇರೋದನ್ನ ಅರ್ಧಕ್ಕೆ ಬಿಟ್ಟು ಬಂದ್ರೆ ನಮ್ಮ ಮನೆಯವರು ನನ್ನನ್ನ ಬೈತಾರೆ" ಎಂದರು.

ಬೇರೆಯವರ ಕಲ್ಲು ತರಬಾರದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ನಾನು ಗೈಡ್ ತಂಗಿ ಅಲ್ಲವೇ, ನಿಯಮ ಬೇರೆಯವರಿಗೆ ಎಂದುಕೊಂಡೆ. ಹೊರಗೆ ಬಂದಾಗ ನೀನು ವ್ಯಾನಿನ ಹತ್ತಿರ ಯಾರಿಗೋ ಅಜ್ಜಿಬಂಡೆಯ ದಾರಿ ಹೇಳುತ್ತಿದ್ದೆ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಎರಡೂ ಕಲ್ಲನ್ನು ಕಟ್ಟೆಯ ಮೇಲಿಟ್ಟು ಓಡಿದೆ. ಹತ್ತಿದ ಮೇಲೆ ಕಿಟಕಿಯಿಂದ ನಿನಗೆ ಕೈ ಬೀಸಿದೆ. ನೀನೂ ಬೀಸಿದೆ. ಹೇಳಬೇಕಾದ ಮಾತು ಬಾಯಿಗೆ ಬರಲೇ ಇಲ್ಲ. ನೆನಪಾಗಲೇ ಇಲ್ಲ ಅಣ್ಣ, ಪೇಟೆಯಲ್ಲಿದ್ದ ಎರಡು ದಿನದಲ್ಲಿ ಒಂದು ಸಲವೂ ನೆನಪಾಗಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರಿತ್ತು. ಸಿಹಿ ಪೊಟ್ಟಣ ಹಿಡಿದು ಬಸ್ಸಿಳಿದಾಗ ಗವಿಯ ಮುಂದೆ ಜನ. ಯಾರನ್ನೂ ಏನೂ ಕೇಳುವ ಮುಂಚೆಯೇ ನನಗೆ ಎಲ್ಲ ಗೊತ್ತಾಗಿಹೋಯಿತು. ಆ ಪೊಟ್ಟಣವನ್ನು ಎಲ್ಲಿ ಬಿಟ್ಟೆನೋ ಇವತ್ತಿಗೂ ತಿಳಿಯದು.

ವಿಚಾರಣೆಯ ದಿನ ನಾನು ಬಾಗಿಲ ಹತ್ತಿರ ನಿಂತದ್ದು ಹೇಳಬೇಕೆಂದೇ. ಎರಡು ಕಲ್ಲು ಇಟ್ಟಿರಬಹುದಾ ಎಂದು ಅವರು ಕೇಳಿದಾಗ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಇಲ್ಲ ಎಂದುಬಿಟ್ಟೆ. ಹೆದರಿದೆ. ಸೀಟು ಹೋಗುತ್ತದೆಂದು ಹೆದರಿದೆ, ಹದಿನೇಳು ವರ್ಷ ನನಗೆ. ಆಮೇಲೆ ನೀನು ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟೆ. ಇನ್ನು ಹೇಳಿದರೆ ನೀನೇ ನನ್ನ ಮುಖ ನೋಡುವುದಿಲ್ಲ ಎಂದು ಹೆದರಿದೆ. ಆ ಹೆದರಿಕೆ ವರ್ಷ ವರ್ಷಕ್ಕೂ ಬೆಳೆಯುತ್ತಾ ಬಂತು. ಇಪ್ಪತ್ತೆರಡು ವರ್ಷ ನಿನ್ನ ಕೈಯನ್ನು ನಿನಗೇ ಸುಳ್ಳು ಮಾಡಿಟ್ಟೆ. ಊರಿಗೆ ಬಾರದೆ ಇದ್ದದ್ದು ಡ್ಯೂಟಿ ಇತ್ತೆಂದಲ್ಲ.

ಈ ಕಾಗದವನ್ನು ಇಲಾಖೆಗೆ ತೋರಿಸು. ಅವರಿಗೆ ತೋರಿಸು, ಗಡಿಯಾರದವರಿಗೆ. ಏನು ಬಂದರೂ ಬರಲಿ. ನಿನಗೆ ಎಣಿಸಲು ಬರುತ್ತದೆ. ಒಪ್ಪಿಕೋ.

ತಂಗಿ

* * *

ಆಗಸ್ಟ್ 14

ನಾದಿನಿಗೆ ನಿನ್ನ ಅತ್ತಿಗೆ ಬರೆಯುವುದು,

ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಇವರು ಇಲ್ಲ ಎಂದೆ. ಇದ್ದರು. ಪಕ್ಕದಲ್ಲೇ ಕೂತು ಬೇಡ ಎಂದು ಕೈ ಆಡಿಸಿದರು. ನನ್ನ ಹತ್ತಿರ ಸುಳ್ಳು ಹೇಳಿಸಿದ್ದಕ್ಕೆ ನಾನೂ ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ.

ನೀವು ಅಣ್ಣ ತಂಗಿ ಏನು ಬರೆದುಕೊಂಡಿದ್ದೀರೋ ನನಗೆ ಗೊತ್ತಿಲ್ಲ. ನಿನ್ನ ಕಾಗದ ಅವರ ಶರಟಿನ ಜೇಬಿನಲ್ಲೇ ಇರುತ್ತದೆ. ಒಗೆಯುವಾಗ ತೆಗೆದಿಡುತ್ತೇನೆ, ಒಗೆದ ಶರಟಿನ ಜೇಬಿಗೆ ಮತ್ತೆ ಹಾಕುತ್ತೇನೆ. ಓದಿಲ್ಲ. ಅಡುಗೆಮನೆಯ ಡಬ್ಬಿಯಿಂದ ಕಾಳು ತೆಗೆದು ನೆಲದ ಮೇಲೆ ಸುರಿದುಕೊಂಡು ಎಣಿಸುತ್ತಾ ಕೂರುತ್ತಾರೆ. ಎಣಿಸುವುದು, ಕೂಡಿಸುವುದು, ಮತ್ತೆ ಎಣಿಸುವುದು. "ಇದೇನ್ರೀ ಇದು, ತಲೆ ಕೆಟ್ಟಿದೆಯಾ?" ಎಂದೆ. "ಸರಿಯಾಗಿ ಬರುತ್ತಿದೆ ಕಣೇ" ಎಂದರು. ಹಾಗೆಂದು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಮುಲಾಮು ಖಾಲಿಯಾಯಿತು. ಇನ್ನೊಂದು ಕಳಿಸು. ನೀನು ಸರಿಯಾಗಿ ಊಟ ಮಾಡು.

ಅತ್ತಿಗೆ

* * *

ಸೆಪ್ಟೆಂಬರ್ 19

ತಂಗಿಗೆ,

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ, ಆಮೇಲೆ ಬರೆಯೋಣವೆಂದು ಕಾದರೆ ಈ ಜನ್ಮದಲ್ಲಿ ಬರೆಯುವುದಿಲ್ಲ ಎನಿಸಿತು.

ನಿನಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಈ ಮನೆಯಲ್ಲಿ ಮೂರು ತಟ್ಟೆ ಹಾಕುವಾಗಲೂ ನಾನು ಎರಡೆರಡು ಸಲ ಎಣಿಸಿದ್ದೇನೆ. ಮಗಳನ್ನು ಒಂದು ದಿನ ಜನ ಸೇರುವ ಕಡೆ ಕರೆದುಕೊಂಡು ಹೋಗಲಿಲ್ಲ. ಬೇರೆ ಮಕ್ಕಳೆಲ್ಲ ಅಪ್ಪನ ಹೆಗಲ ಮೇಲೆ ಕೂತು ಅಜ್ಜಿಬಂಡೆ ನೋಡಿದರು, ನನ್ನ ಮಗಳು ಹಟ ಮಾಡಿ ಮಾಡಿ ಸುಮ್ಮನಾದಳು. ಗೋಪುರದಲ್ಲಿ ಒಬ್ಬರೇ ಬಂದಿದ್ದರೂ, ಅವರು ಇಳಿದು ಹೋದ ಮೇಲೆ ಮೇಲೆ ಹತ್ತಿ ನೋಡಿ ಬರುತ್ತಿದ್ದೆ. ತೊಂಬತ್ತೆರಡು ಮೆಟ್ಟಿಲು, ಯಾರೂ ಇಲ್ಲವೆಂದು ಗೊತ್ತಿದ್ದೂ. ನೀನು ಒಂದು ಮಾತು ಹೇಳಿದ್ದರೆ! ಒಂದೇ ಮಾತು! ಹಾಲಿನಲ್ಲಿ ಎಲ್ಲರೆದುರು ಬೇಡ, ನನ್ನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತಲ್ಲೇ. ನಾನು ನಿನ್ನನ್ನು ಬಿಟ್ಟುಕೊಡುತ್ತಿದ್ದೆನಾ?

ಇಷ್ಟು ಬರೆದು ಚಹಾ ಕುಡಿದು ಬಂದೆ. ಇನ್ನೊಂದೂ ಹೇಳಬೇಕು. ತಪ್ಪೆಲ್ಲ ನಿನ್ನ ತಲೆಗೆ ಕಟ್ಟಿ ನಾನು ಹಾಯಾಗಿ ಕೂರಲಾರೆ. ನಾನು ಕಲ್ಲು ಎಣಿಸಿದೆ, ಮುಖ ನೋಡಲಿಲ್ಲ. ನನ್ನ ಗಮನ ವ್ಯಾನಿನ ಕಡೆ ಇರಬಾರದಿತ್ತು, ಗವಿಯ ಕಡೆ ಕಣ್ಣಿರಬೇಕಿತ್ತು. ಕಲ್ಲು ಓಡಾಡುವುದಿಲ್ಲ ಎಂದು ಅಪ್ಪ ನಂಬಿದ್ದರು, ನಾನೂ ನಂಬಿದೆ.

ಹೋದ ವಾರ ಗಡಿಯಾರದವರ ಅಂಗಡಿಗೆ ಹೋಗಿದ್ದೆ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ನಿನ್ನ ಕಾಗದವನ್ನು ಅವರ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತೆ. ನನ್ನನ್ನು ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಭೂತಗನ್ನಡಿಯಲ್ಲೇ ಓದಿದರು. ಒಂದು ಜಾಗದಲ್ಲಿ ನಿಂತು ಮತ್ತೆ ಓದಿದರು, ಮತ್ತೆ ಓದಿದರು. "ನಮ್ಮ ಮನೆಯವರು ಬೈತಾರೆ ಅಂದ್ಲಾ?" ಎಂದು ಕೇಳಿದರು. ಕಾಗದದಲ್ಲಿರುವುದು ಅಷ್ಟೇ ಸರ್ ಎಂದೆ.

ಆಗ ಹೇಳಿದರು. "ಅವಳು ಒಳಗೆ ಕೂಗಿ ಕೂಗಿ, ಯಾರಿಗೂ ಕೇಳಿಸದೆ, ಬಿಟ್ಟು ಬಂದರು ಅಂತ್ಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ. ತಾನಾಗೇ ಕೂತಿದ್ದಳು. ನಕ್ಕಳು. ಅವಳ ಕೊನೇ ಮಾತು ನಿಮ್ಮ ತಂಗಿ ಹತ್ತಿರ ಇತ್ತು. ಇಪ್ಪತ್ತೆರಡು ವರ್ಷ ಆಯಮ್ಮ ಅದನ್ನ ಇಟ್ಕೊಂಡ್ಬಿಟ್ಟರಲ್ಲ." ಇದನ್ನು ಕೋಪದಿಂದ ಹೇಳಿದರೋ ಸಮಾಧಾನದಿಂದಲೋ ನನಗೆ ತಿಳಿಯಲಿಲ್ಲ. ಎರಡೂ ಇತ್ತೇನೋ. ಹೊರಡುವಾಗ ಕಾಗದ ನನಗೆ ವಾಪಸ್ ಕೊಟ್ಟರು. ಆ ಒಂದು ಸಾಲನ್ನು ಮಾತ್ರ ತಮ್ಮ ಚೀಟಿಯಲ್ಲಿ ಬರೆದುಕೊಂಡರು.

ಗಡುವು ದಾಟಿದ್ದರೂ ಇಲಾಖೆಗೆ ಹೂಂ ಎಂದು ಬರೆದು ಕೊಟ್ಟಿದ್ದೇನೆ. ಅಧಿಕಾರಿಗೂ ಎಲ್ಲ ಹೇಳಿದೆ. ಹಳೆಯ ಕಡತಕ್ಕೆ ನಿನ್ನ ಹೇಳಿಕೆ ಬೇಕಂತೆ, ನೀನೇ ಬಂದು ಸಹಿ ಹಾಕಬೇಕಂತೆ. ಪದ್ಧತಿಯನ್ನು ಸ್ವಲ್ಪ ಬದಲಾಯಿಸಿದ್ದೇನೆ. ಇನ್ನು ಕಟ್ಟೆಯ ಮೇಲೆ ಕಲ್ಲು ಇಡುವುದಿಲ್ಲ. ಹೊರಗೆ ಬಂದವರು ಗೇಟಿನಲ್ಲಿ ನಿಂತವರ ಕೈಗೇ ಕೊಡಬೇಕು, ನಿಂತವರು ಮುಖ ನೋಡಿ ತೆಗೆದುಕೊಳ್ಳಬೇಕು. ಮುಂದೆ ನಡೆಯಲು ನಾನಿದ್ದೇನೆ. ಗೇಟಿನಲ್ಲಿ ನಿಲ್ಲಲು ಮೊದಲ ದಿನಕ್ಕೆ ಒಬ್ಬರು ಬೇಕು.

ಕ್ಷಮಿಸಿದೆ ಎಂದು ಬರೆಯಲು ಕೈ ಬರುತ್ತಿಲ್ಲ. ಬಾ ಎಂದು ಬರೆಯಲು ಬರುತ್ತಿದೆ. ಅಕ್ಟೋಬರ್ 25, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.

ಅಣ್ಣ

* * *

ಅಕ್ಟೋಬರ್ 27

ಅಣ್ಣಾ,

ನಿನ್ನೆ ಬಂದು ತಲುಪಿದೆ. ಅತ್ತಿಗೆ ಕಟ್ಟಿಕೊಟ್ಟ ಬುತ್ತಿ ದಾರಿಯಲ್ಲೇ ಮುಗಿಯಿತು.

ಒಳಗೆ ನೀನಿದ್ದೆ, ಹೊರಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಅಲ್ಲಿ ಬಾಯಿಬಿಟ್ಟು ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ.

ಹದಿನಾಲ್ಕು ಜನರಿಗೆ ಹದಿನಾಲ್ಕು ಕಲ್ಲು ಕೊಟ್ಟೆ. ಗಡಿಯಾರದವರು ಕೊನೆಯಲ್ಲಿದ್ದರು. ನಾನು ಯಾರೆಂದು ನೀನು ಅವರಿಗೆ ಹೇಳಿದ್ದೆಯೋ ಇಲ್ಲವೋ. ಕಲ್ಲು ತೆಗೆದುಕೊಳ್ಳುವಾಗ ನನ್ನ ಮುಖವನ್ನೇ ನೋಡಿದರು. ನಾನು ತಲೆ ತಗ್ಗಿಸಲಿಲ್ಲ, ಅಷ್ಟು ಮಾತ್ರ ನನ್ನಿಂದಾಯಿತು. ನೀವೆಲ್ಲ ತಿರುವಿನಲ್ಲಿ ಮರೆಯಾದ ಮೇಲೆ ಖಾಲಿ ಡಬ್ಬಿ ಹಿಡಿದು ನಿಂತೆ. ಥಿಯೇಟರಿನಲ್ಲಿ ಎಂಟೆಂಟು ಗಂಟೆ ಒರಗದೆ ನಿಂತಿದ್ದೇನೆ. ಅಲ್ಲಿ ಮುಕ್ಕಾಲು ಗಂಟೆಗೆ ಗೇಟು ಹಿಡಿದುಕೊಂಡೆ.

ಆಮೇಲೆ ಜನ ಬರತೊಡಗಿದರು. ಒಬ್ಬೊಬ್ಬರ ಮುಖ ನೋಡಿ ಕಲ್ಲು ಈಸಿಕೊಂಡೆ. ಹದಿಮೂರು ಬಂದವು. ಅಷ್ಟಕ್ಕೇ ನಿಂತಿತು. ಒಳಗಿಂದ ಸದ್ದಿಲ್ಲ. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು, ನಾನು ಹೋಗಬೇಕಾದ ಬಸ್ಸೇ. ಅದು ಬಂತು, ನಿಂತಿತು, ಹೋಯಿತು. ನಾನು ಗೇಟು ಬಿಟ್ಟು ಕದಲಲಿಲ್ಲ. "ಅಣ್ಣಾ, ಹದಿಮೂರೇ ಬಂದಿದೆ!" ಎಂದು ಒಳಗೆ ಕೂಗಿದೆ. ನಿನಗೆ ಕೇಳಿಸಿತೋ ಇಲ್ಲವೋ. ಇನ್ನೊಂದು ಸಲ ಕೂಗಿದೆ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ಆಗ ನಿನ್ನ ಟಾರ್ಚು ಕಂಡಿತು. ನಿನ್ನ ಪಕ್ಕದಲ್ಲಿ ಅವರು, ನಿನ್ನ ತೋಳು ಹಿಡಿದು ನಿಧಾನವಾಗಿ. ನನ್ನ ಹತ್ತಿರ ಬಂದು, "ಐದು ನಿಮಿಷ ಇಲ್ಲೇ ಕೂತ್ಕೋತೀನಿ, ನೀವು ನಡೀರಿ ಅಂದೆ ನಿಮ್ಮಣ್ಣಂಗೆ. ಬಿಡಲೇ ಇಲ್ಲ. ಜೊತೆಗೇ ಕೂತರು" ಎಂದರು. ಹಾಗೆಂದು ಕಲ್ಲನ್ನು ನನ್ನ ಅಂಗೈಗೆ ಹಾಕಿ, ಅವರೇ ನನ್ನ ಬೆರಳು ಮಡಿಸಿದರು. ಮಾತು ಅಷ್ಟೇ. ನನಗೆ ಅಷ್ಟೂ ಹೆಚ್ಚು.

ಉಳಿದದ್ದು ನೀನೇ ಕಂಡದ್ದು. ಆದರೂ ಬರೆಯುತ್ತೇನೆ, ಯಾಕೆಂದರೆ ನಾಳೆ ನೀನು ಅಂಥದ್ದೇನೂ ಇಲ್ಲ ಎನ್ನುತ್ತೀಯ. ಎಲ್ಲರೂ ವ್ಯಾನಿನ ಕಡೆ ಹೋದ ಮೇಲೆ ನೀನು ಬೀಗ ತೆಗೆದುಕೊಂಡೆ. "ಸರಿ ಇದೆಯೇನೇ?" ಎಂದೆ. "ಹದಿನಾಲ್ಕು, ಸರಿ ಇದೆ ಅಣ್ಣ" ಎಂದು ನಾನು ಡಬ್ಬಿಯನ್ನು ನಿನ್ನ ಕಡೆ ಚಾಚಿದೆ. ಮೂರು ತಟ್ಟೆಯನ್ನು ಎರಡು ಸಲ ಎಣಿಸುವವನು ನೀನು. ಎಣಿಸಲಿ ಎಂದೇ ಚಾಚಿದ್ದು.

ನೀನು ಅದರೊಳಗೆ ಇಣುಕಿಯೂ ನೋಡದೆ ಗೇಟಿಗೆ ಬೀಗ ಹಾಕಿದೆ.

ನಿನ್ನ
ಅವಸರಮ್ಮ